ಸುಳಿ ಉಳಿದರೆ ಲೀಕ್ ಉಳಿದೀತು

ಎಲೆಗೆ ತುಕ್ಕು, ಕಾಂಡಕ್ಕೆ ಹುಳು, ಬುಡಕ್ಕೆ ಕೊಳೆ. ಚಳಿಗಾಲ ಹತ್ತಿರವಾಯಿತೆಂದರೆ ಬ್ರಿಟನ್ನಿನ ಕೈತೋಟಗಳಲ್ಲಿ ಲೀಕ್ ಬೆಳೆದವರಿಗೆ ನೆಮ್ಮದಿ ಇಲ್ಲ. ಆದರೂ ಈರುಳ್ಳಿಯ ಈ ಉದ್ದ ಕತ್ತಿನ ದಾಯಾದಿ ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ಔಷಧಿ ಡಬ್ಬಿಗಿಂತ ಮೊದಲು ಕೈಗೆ ಬರಬೇಕಾದ್ದು ಚಾಕು!

ಸೆಪ್ಟೆಂಬರ್‌ನ ಒಂದು ಶನಿವಾರ. ಇಂಗ್ಲೆಂಡಿನ ಈಶಾನ್ಯ ಮೂಲೆಯ ನಾರ್ಥಂಬರ್ಲೆಂಡ್. ಹಿಂದೊಮ್ಮೆ ಕಲ್ಲಿದ್ದಲು ಗಣಿಯ ಕಾರ್ಮಿಕರು ಪಾಳಿ ಮುಗಿಸಿ ಬಿಯರಿಗೆ ಸೇರುತ್ತಿದ್ದ ಕ್ಲಬ್ಬಿನಲ್ಲಿ ಉದ್ದುದ್ದ ಮೇಜು ಹಾಕಿ ಕಪ್ಪು ಬಟ್ಟೆ ಹೊದಿಸಿದ್ದಾರೆ. ಅದರ ಮೇಲೆ ಜೋಡಿ ಜೋಡಿಯಾಗಿ ಲೀಕ್. ಒಂದೊಂದೂ ತೋಳಿನ ದಪ್ಪ. ಬೇರುಗಳನ್ನು ಸಹ ಎಳೆಎಳೆಯಾಗಿ ತೊಳೆದು ಬಾಚಿದ್ದಾರೆ.

ತೀರ್ಪುಗಾರ ಟೇಪು ಹಿಡಿದು ಬರುತ್ತಾನೆ. ಬಿಳಿ ಕಾಂಡದ ಸುತ್ತಳತೆ ನೋಡುತ್ತಾನೆ. ಬುಡದಿಂದ ಮೊದಲ ಎಲೆ ಕವಲೊಡೆಯುವ ಜಾಗದವರೆಗೆ ಅಳೆಯುತ್ತಾನೆ. ಎರಡನ್ನೂ ಸೇರಿಸಿ ಘನ ಇಂಚಿನ ಲೆಕ್ಕಕ್ಕೆ ಇಳಿಸುತ್ತಾನೆ. ‘ಪಾಟ್ ಲೀಕ್’ ಎಂಬ ವರ್ಗಕ್ಕೆ ಸೇರಬೇಕಾದರೆ ಆ ಉದ್ದ ಆರು ಇಂಚು ಮೀರುವಂತಿಲ್ಲ. ದಪ್ಪ ಎಷ್ಟಾದರೂ ಇರಲಿ. ಎಲೆಯ ಮೇಲೆ ತುಕ್ಕಿನ ಚುಕ್ಕೆಯೋ ಪದರದಲ್ಲಿ ಹುಳು ಕೊರೆದ ಗೀರೋ ಕಂಡರೆ ವರ್ಷದ ದುಡಿಮೆಗೆ ಪೆಟ್ಟು.

ಸ್ಪರ್ಧೆಗೆ ಮೊದಲಿನ ರಾತ್ರಿಗಳ ಕಥೆ ಇನ್ನೂ ಸ್ವಾರಸ್ಯ. ಪೈಪೋಟಿ ಜೋರಾಗಿದ್ದ ಕಾಲದಲ್ಲಿ, ಎದುರಾಳಿಯ ಲೀಕ್‌ಗಳನ್ನು ಕತ್ತಲಲ್ಲಿ ಚೂರಿಯಿಂದ ಸೀಳಿ ಹೋಗುವ ಕಿಡಿಗೇಡಿಗಳಿದ್ದರು. ಅವರ ಭಯಕ್ಕೆ ಬೆಳೆಗಾರರು ತೋಟದ ಶೆಡ್ಡಿನಲ್ಲೇ ಟಾರ್ಚ್ ಇಟ್ಟುಕೊಂಡು ಮಲಗುತ್ತಿದ್ದರು, ನಮ್ಮ ಮಲೆನಾಡಿನಲ್ಲಿ ಹಂದಿ ಕಾಯಲು ಗದ್ದೆಯ ಮಾಳ ಹತ್ತಿದ ಹಾಗೆ.

ಚೂರಿ ಹಿಡಿದು ಬಂದವನನ್ನು ಟಾರ್ಚ್ ಬಿಟ್ಟು ಓಡಿಸಬಹುದು. ಮೂರು ಮಿಲಿಮೀಟರ್ ಉದ್ದದ ನೊಣವನ್ನು ಓಡಿಸುವುದು ಹೇಗೆ?

ಗಣಿಯವರ ಹಿತ್ತಿಲು

ನಮ್ಮಲ್ಲಿ ಲೀಕ್ ಇನ್ನೂ ಸೂಪರ್‌ಮಾರ್ಕೆಟ್ಟಿನ ತರಕಾರಿ. ಬ್ರೊಕೊಲಿ, ಸೆಲರಿಗಳ ಪಕ್ಕ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿರುತ್ತದೆ. ನೋಡಿದವರು ಯಾವುದೋ ಅತಿಯಾಗಿ ಬೆಳೆದ ಈರುಳ್ಳಿ ಸೊಪ್ಪು ಎಂದುಕೊಂಡು ಮುಂದೆ ಹೋಗುತ್ತಾರೆ. ಅಂದಾಜು ಪೂರ್ತಿ ತಪ್ಪೇನಲ್ಲ. ಈರುಳ್ಳಿ, ಬೆಳ್ಳುಳ್ಳಿಯ ಕುಲವೇ. ಆದರೆ ಈರುಳ್ಳಿಯ ಹಾಗೆ ಗೆಡ್ಡೆ ಕಟ್ಟುವುದಿಲ್ಲ. ಎಲೆ ಕೊಳವೆಯಾಗಿರದೆ ಚಪ್ಪಟೆಯಾಗಿರುತ್ತದೆ. ಘಾಟು ಕಡಿಮೆ, ನಿಧಾನಕ್ಕೆ ಬೇಯಿಸಿದರೆ ಸಿಹಿ.

ಬ್ರಿಟನ್ನಿನಲ್ಲಿ ಅದು ಬಡವರ ಚಳಿಗಾಲದ ಆಸರೆ. ಹಿಮ ಬಿದ್ದು ಉಳಿದ ಪಾತಿಗಳೆಲ್ಲ ಬರಿದಾದಾಗಲೂ ಲೀಕ್ ನೆಲದಲ್ಲಿ ನಿಂತೇ ಇರುತ್ತದೆ. ಕೊಯ್ದು ಕೂಡಿಡಬೇಕಿಲ್ಲ, ಬೇಕಾದಾಗ ಹೋಗಿ ಎರಡು ಕಿತ್ತು ತಂದರಾಯಿತು.

ಆಷಿಂಗ್ಟನ್‌ನಂಥ ಗಣಿ ಊರುಗಳಲ್ಲಿ ಇದು ಊಟದ ಮಾತಷ್ಟೇ ಆಗಿ ಉಳಿಯಲಿಲ್ಲ. ಹಗಲೆಲ್ಲ ನೆಲದಡಿಯ ಕತ್ತಲಲ್ಲಿ ದುಡಿದು ಬಂದವರಿಗೆ ಬೆಳಕಿನಲ್ಲಿ ಕೈಯಾಡಿಸಲು ಸಿಗುತ್ತಿದ್ದುದು ಹಿತ್ತಿಲ ತುಂಡು ನೆಲ. 19ನೇ ಶತಮಾನ ಮುಗಿಯುವ ಹೊತ್ತಿಗೆ ಲೀಕ್ ಸ್ಪರ್ಧೆ ಅವರ ಜಾತ್ರೆಯಾಗಿತ್ತು. ಬಹುಮಾನಕ್ಕೆ ಗಡಿಯಾರ, ಕಂಬಳಿ, ಕುರ್ಚಿ, ಮೇಜು. ಗಂಡನ ಲೀಕ್ ಹುಚ್ಚನ್ನು ಹೆಂಡತಿ ಸಹಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ?

ಗೊಬ್ಬರದ ಗುಟ್ಟನ್ನು ಮಾತ್ರ ಯಾರೂ ಬಿಟ್ಟುಕೊಡುತ್ತಿರಲಿಲ್ಲ. ಕುರಿಹಿಕ್ಕೆ ನೆನೆಸಿದ ನೀರು, ಹೊಗೆಗೂಡಿನ ಮಸಿ, ಒಣಗಿಸಿದ ರಕ್ತದ ಪುಡಿ, ಕೊನೆಗೆ ಬಿಯರ್ ಕೂಡ ಬುಡಕ್ಕೆ ಹೋಗುತ್ತಿತ್ತಂತೆ. ಆಷಿಂಗ್ಟನ್ ಗಣಿ 1988ರಲ್ಲಿ ಮುಚ್ಚಿತು. ಆ ಸೀಮೆಯಲ್ಲಿ ಲೀಕ್ ಸ್ಪರ್ಧೆ ಮುಚ್ಚಲಿಲ್ಲ.

ಎರಡನೇ ಮಹಾಯುದ್ಧ ಬಂದಾಗ ಇಡೀ ಬ್ರಿಟನ್ನಿಗೆ ಈ ಗಿಡದ ಬೆಲೆ ತಿಳಿಯಿತು. ಅಲ್ಲಿಯವರೆಗೆ ಈರುಳ್ಳಿ ಹೆಚ್ಚಾಗಿ ಬರುತ್ತಿದ್ದುದು ಫ್ರಾನ್ಸಿನ ಬ್ರಿಟನಿ ಮತ್ತು ಚಾನೆಲ್ ದ್ವೀಪಗಳಿಂದ. 1940ರಲ್ಲಿ ಎರಡೂ ಜರ್ಮನರ ವಶವಾದವು. ಈರುಳ್ಳಿ ಎಷ್ಟು ಅಪರೂಪವಾಯಿತೆಂದರೆ ಒಂದೇ ಒಂದು ಈರುಳ್ಳಿಗೆ ಕಚೇರಿಗಳಲ್ಲಿ ಲಾಟರಿ ಎತ್ತಿದರು. ಈರುಳ್ಳಿ ಬೆಲೆಗೆ ಸರ್ಕಾರಗಳೇ ಅಲುಗಾಡಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ಸಾರಿಗೆ ಪರಿಮಳ ಕೊಟ್ಟು ಕೈಹಿಡಿದದ್ದು ಲೀಕ್.

ಇಂದಿಗೂ ಅಲ್ಲಿನ ಪಟ್ಟಣಗಳ ಅಂಚಿನಲ್ಲಿ ‘ಅಲಾಟ್‌ಮೆಂಟ್’ ಎಂಬ ತುಂಡು ನೆಲಗಳಿವೆ. ಅಲ್ಪ ಬಾಡಿಗೆಗೆ ಸ್ಥಳೀಯ ಆಡಳಿತ ಕೊಡುವ ಕೈತೋಟ. 1908ರ ಕಾನೂನು ಇದಕ್ಕೆ ಆಧಾರ. ಪೂರ್ಣ ಅಳತೆಯ ತುಂಡೆಂದರೆ ಸುಮಾರು 250 ಚದರ ಮೀಟರ್; ಬೆಂಗಳೂರಿನ ಲೆಕ್ಕದಲ್ಲಿ 30–40ರ ಎರಡು ಸೈಟಿಗಿಂತ ತುಸು ಹೆಚ್ಚು. ಅಕ್ಟೋಬರಿನಲ್ಲಿ ಇಂಥ ತೋಟವೊಂದರಲ್ಲಿ ಸುತ್ತಾಡಿದರೆ ನಾಲ್ಕು ಪಾತಿಗೊಮ್ಮೆ ಲೀಕ್ ಸಾಲು ಕಾಣುತ್ತದೆ. ಅದರಲ್ಲಿ ಸೊರಗಿದ್ದೂ ಕಾಣುತ್ತದೆ: ಎಲೆ ತಿರುಚಿಕೊಂಡದ್ದು, ತುದಿ ಬೆಳ್ಳಗಾದದ್ದು, ಕಿತ್ತಳೆ ಪುಡಿ ಮೆತ್ತಿದ್ದು, ಜೋತುಬಿದ್ದದ್ದು.

ಇವುಗಳಲ್ಲಿ ಯಾವುದು ಬದುಕುತ್ತದೆ, ಯಾವುದು ಇಲ್ಲ? ಉತ್ತರ ಇರುವುದು ಎಲೆಯಲ್ಲಲ್ಲ.

ಕಾಂಡವಲ್ಲದ ಕಾಂಡ

ಲೀಕ್‌ನ ಬಿಳಿ ಕಾಂಡವನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಒಂದರೊಳಗೊಂದು ಉಂಗುರ. ಅದು ನಿಜವಾದ ಕಾಂಡವೇ ಅಲ್ಲ, ಎಲೆಗಳ ಬುಡ ಒಂದನ್ನೊಂದು ಸುತ್ತಿಕೊಂಡು ನಿಂತ ಸುರುಳಿ. ನಿಜವಾದ ಕಾಂಡ ಇರುವುದು ತೀರಾ ಕೆಳಗೆ, ಬೇರು ಹೊರಡುವ ಜಾಗದಲ್ಲಿ, ಚಪ್ಪಟೆ ಬಿಲ್ಲೆಯಾಗಿ. ಕೆಳಮುಖವಾಗಿ ಬೇರು, ಮೇಲ್ಮುಖವಾಗಿ ಎಲೆ. ನಡುವೆ, ಆ ಬಿಲ್ಲೆಯ ಮೇಲೆ ಗಿಡದ ಸುಳಿ.

ಬಾಳೆಯ ದಿಂಡನ್ನು ಬಲ್ಲ ಕನ್ನಡಿಗರಿಗೆ ಈ ರಚನೆ ಹೊಸದೇನಲ್ಲ. ತೋಟಗಾರನಿಗೆ ಇದರಿಂದ ಆಗುವ ಲಾಭ ದೊಡ್ಡದು. ಸುಳಿ ಮಣ್ಣಿನೊಳಗೆ ಸುರಕ್ಷಿತವಾಗಿರುವುದರಿಂದ ಮೇಲಿನದು ಎಷ್ಟೇ ಹಾಳಾದರೂ ಕೆಳಗಿನಿಂದ ಹೊಸ ಎಲೆ ಮೇಲೇರುತ್ತದೆ.

ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಬೇರಿರುವ ಲೀಕ್ ಸಿಕ್ಕಿದರೆ, ಬುಡದ ಎರಡು ಇಂಚು ಬಿಟ್ಟು ಉಳಿದದ್ದನ್ನು ಸಾರಿಗೆ ಹಾಕಿ. ಆ ತುಂಡನ್ನು ಬೇರು ಮುಳುಗುವಷ್ಟು ನೀರಿರುವ ಲೋಟದಲ್ಲಿ ಕಿಟಕಿಯ ಬಳಿ ಇಡಿ. ಕತ್ತರಿಸಿದ ಮೈ ಮೊದಲು ಸಮತಟ್ಟಾಗಿರುತ್ತದೆ. ಒಂದೆರಡು ದಿನದಲ್ಲೇ ನಡುವಿನ ಉಂಗುರಗಳು ಮಾತ್ರ ಮೇಲೆದ್ದು ನಿಲ್ಲುತ್ತವೆ. ಹೊರ ಪದರ ಇದ್ದಲ್ಲೇ ಇರುತ್ತದೆ. ಮೊದಲು ಹಳದಿಯಾಗಿ ಏಳುವ ಆ ನಡುಭಾಗ ಬೆಳಕು ಕಂಡಂತೆ ಹಸಿರಾಗುತ್ತದೆ.

ಹಾಗಾಗಿ ಸೊರಗಿದ ಸಾಲಿನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಒಂದೇ: ಪೀಡೆ ಬಿಲ್ಲೆಯವರೆಗೆ ಇಳಿದಿದೆಯೇ? ತಿಳಿಯಲು ಸಾಲಿನಲ್ಲಿ ಅತಿ ಕೆಟ್ಟದಾಗಿ ಕಾಣುವ ಒಂದನ್ನು ಕಿತ್ತು ನೋಡಬೇಕು. ಒಂದು ಗಿಡದ ಮೇಲಿನ ಮೋಹಕ್ಕೆ ಇಡೀ ಸಾಲನ್ನು ಕುರುಡಾಗಿ ಆರೈಕೆ ಮಾಡುವುದರಲ್ಲಿ ಅರ್ಥವಿಲ್ಲ. ಬೇರು ಬೆಳ್ಳಗೆ ಗಟ್ಟಿಯಾಗಿದ್ದು, ಬುಡ ಹೆಬ್ಬೆರಳಿಗೆ ಮೆತ್ತಗೆ ಒತ್ತದಿದ್ದರೆ ಉಳಿದವುಗಳ ಮೇಲೆ ಆಸೆ ಇಡಬಹುದು. ಬೇರು ಕಂದಾಗಿ ಲೋಳೆಲೋಳೆ, ಕೊಳೆತ ವಾಸನೆ ಎಂದಾದರೆ ಬೇರೆ ದಾರಿ ನೋಡಬೇಕು.

ಚುಕ್ಕೆ ಇಟ್ಟು ಹೋಗುವ ನೊಣ

ಎಲೆಯ ತುದಿಯ ಕಡೆ ಬಿಳಿ ಚುಕ್ಕೆಗಳು ಒಂದರ ಕೆಳಗೊಂದು, ಗೆರೆ ಎಳೆದಷ್ಟು ನೇರ. ಎಲೆಯನ್ನು ಬೆಳಕಿಗೆ ಹಿಡಿದಾಗ ಸೂಜಿ ಚುಚ್ಚಿದಂತೆ ಕಾಣುವ ಈ ಸಾಲು ‘ಏಲಿಯಂ ಲೀಫ್ ಮೈನರ್’ ಎಂಬ ನೊಣದ ಗುರುತು. ಹೆಣ್ಣು ನೊಣ ಎಲೆಯನ್ನು ಚುಚ್ಚಿ ಒಸರುವ ರಸ ಹೀರುತ್ತದೆ, ಹತ್ತಿರದಲ್ಲೇ ಮೊಟ್ಟೆ ಇಡುತ್ತದೆ. ಮರಿಗಳು ಎಲೆಯೊಳಗೆ ಸುರಂಗ ಕೊರೆಯುತ್ತ ಕೆಳಕ್ಕೆ, ಬಿಳಿ ಕಾಂಡದ ಕಡೆಗೆ ಇಳಿಯುತ್ತವೆ. ಅಲ್ಲೇ ಕಂದು ಬಣ್ಣದ ಕೋಶವಾಗುತ್ತವೆ. ಪದರ ಬಿಡಿಸಿದರೆ ಅಂಟಿಕೊಂಡ ಕಂದು ಅಕ್ಕಿಕಾಳಿನಂಥವು ಇವೇ.

ಯುರೋಪಿನ ಈ ನೊಣ ಬ್ರಿಟನ್ನಿನಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ. 2015ರಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲೂ ಸಿಕ್ಕಿಬಿತ್ತು. ವರ್ಷಕ್ಕೆ ಎರಡು ಸಲ ಹಾರುತ್ತದೆ: ಮಾರ್ಚ್–ಏಪ್ರಿಲ್ ಒಮ್ಮೆ, ಅಕ್ಟೋಬರ್–ನವೆಂಬರ್ ಇನ್ನೊಮ್ಮೆ. ಲೀಕ್ ಕೊಯ್ಲಿಗೆ ಬರುವ ಹೊತ್ತಿಗೇ ಎರಡನೇ ದಾಳಿ.

ಇನ್ನೊಬ್ಬ ಕಳ್ಳ ಲೀಕ್ ಪತಂಗ. ಇದರ ಹುಳು ಎಲೆಯ ಹಸಿರನ್ನು ಒಳಗಿನಿಂದ ಕೆರೆದು ತಿಂದು ಬಿಳಿ ತೇಪೆ ಉಳಿಸುತ್ತದೆ, ಆಮೇಲೆ ನಡು ಸುಳಿಯತ್ತ ಕೊರೆಯುತ್ತದೆ. ಹೊರಬರುವ ಎಳೆ ಎಲೆಗಳೆಲ್ಲ ಚಿಂದಿ. ಮೊದಲ ತಲೆಮಾರಿನ ಹಾವಳಿ ಮೇ–ಜೂನ್‌ನಲ್ಲಿ, ಎರಡನೆಯದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹಾನಿ ಹೆಚ್ಚು ಮಾಡುವುದು ಎರಡನೆಯದೇ.

ಈ ಪತಂಗ ಬಿದ್ದ ಗಿಡಕ್ಕೆ ಅಲ್ಲಿನ ಹಳೆಯ ತೋಟಗಾರರು ಮಾಡುವ ಚಿಕಿತ್ಸೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಹರಿತವಾದ ಚಾಕು ತೆಗೆದುಕೊಂಡು ನೆಲದಿಂದ ಒಂದಿಂಚು ಮೇಲಕ್ಕೆ ಗಿಡವನ್ನು ಕತ್ತರಿಸಿಬಿಡುವುದು! ಮೇಲಿನ ಎಲೆ, ಹುಳು, ಬಲೆಯಂಥ ಗೂಡು, ಎಲ್ಲವೂ ಒಟ್ಟಿಗೆ ಹೊರಗೆ. ಕತ್ತರಿಸಿದ ಭಾಗವನ್ನು ಅಲ್ಲೇ ಬಿಸಾಡುವುದಿಲ್ಲ. ಸುಡುತ್ತಾರೆ, ಇಲ್ಲವೇ ಚೀಲಕ್ಕೆ ತುಂಬಿ ಸಾಗಹಾಕುತ್ತಾರೆ. ಉಳಿದ ಮೋಟಿನ ಮೇಲ್ಮೈಯನ್ನು ಬಗ್ಗಿ ನೋಡುತ್ತಾರೆ. ಉಂಗುರಗಳ ನಡುವೆ ಕೊರೆದ ತೂತು, ಹುಳದ ಹಿಕ್ಕೆ ಕಂಡರೆ ಇನ್ನೂ ಒಂದು ಹೋಳು ಕೆಳಗೆ ಕೊಯ್ಯುತ್ತಾರೆ. ಉಂಗುರ ಸ್ವಚ್ಛವಾಗಿ, ಬೆಳ್ಳಗೆ ಕಂಡಲ್ಲಿ ನಿಲ್ಲಿಸುತ್ತಾರೆ.

ಆಮೇಲೆ ಬುಡಕ್ಕೆ ನೀರು, ಮೇಲೆ ಸಣ್ಣ ಕಣ್ಣಿನ ಕೀಟಬಲೆ. ಸುಳಿ ಮೇಲೆದ್ದು ಹೊಸ ಎಲೆ ಬಿಡುತ್ತದೆ. ಕತ್ತರಿಸದೆ ಚೆನ್ನಾಗಿ ಬೆಳೆದ ಲೀಕ್‌ನ ಗಾತ್ರಕ್ಕೆ ಅದು ಬರುವುದಿಲ್ಲ, ಸ್ಪರ್ಧೆಯ ಮೇಜಿಗಂತೂ ದೂರವೇ. ಆದರೆ ಚಳಿಗಾಲದ ಕೊನೆಗೆ ಸಾರಿಗೆ ಆಗುತ್ತದೆ.

ನೊಣದ ವಿಷಯದಲ್ಲಿ ಈ ಚಾಕು ಅಷ್ಟು ನಂಬಿಕಸ್ಥವಲ್ಲ. ಅದರ ಮರಿ ತಳದವರೆಗೂ ಇಳಿಯುವುದರಿಂದ ಚುಕ್ಕೆ ಕಂಡ ಕೂಡಲೇ ಎಲೆ ತೆಗೆದರೆ ಸರಿ. ತಡವಾಗಿ ಬುಡದ ಪದರಗಳಲ್ಲಿ ಕೋಶ ಸೇರಿಕೊಂಡ ಮೇಲೆ ಗಿಡವನ್ನು ಕಿತ್ತು, ಹೊರ ಪದರ ಸುಲಿದು, ಒಳಗೆ ಉಳಿದದ್ದನ್ನು ಆ ದಿನವೇ ಅಡುಗೆಗೆ ಹಾಕುವುದು ಬುದ್ಧಿವಂತಿಕೆ.

ಬಲೆಯ ಬಗ್ಗೆ ಒಂದು ಎಚ್ಚರಿಕೆ. ಕಳೆದ ಬಾರಿ ಈರುಳ್ಳಿಯೋ ಲೀಕೋ ಇದ್ದ ಮಣ್ಣಿನಲ್ಲಿ ಕೋಶಗಳು ಉಳಿದಿರುತ್ತವೆ. ಅದೇ ಪಾತಿಯಲ್ಲಿ ಮತ್ತೆ ನೆಟ್ಟು ಬಲೆ ಮುಚ್ಚಿದರೆ ನೊಣಗಳು ಬಲೆಯ ಒಳಗೇ ಹುಟ್ಟುತ್ತವೆ. ಹೊರಗಿನ ಹಕ್ಕಿಗಳಿಂದ ರಕ್ಷಣೆಯೂ ಸಿಕ್ಕಂತಾಗುತ್ತದೆ. ಬಲೆ ಹಾಕುವವರು ಜಾಗವನ್ನೂ ಬದಲಿಸಬೇಕು.

---
ಯಾರ ಕೈವಾಡ?

* ಚುಕ್ಕೆಗಳ ನೇರ ಸಾಲು, ತಲೆಯಿಲ್ಲದ ಕಾಲಿಲ್ಲದ ಬಿಳಿ ಮರಿ, ಪದರಗಳ ನಡುವೆ ಕಂದು ಕೋಶ: ಲೀಫ್ ಮೈನರ್ ನೊಣ.
* ಬಿಳಿ ತೇಪೆ, ಕಂದು ತಲೆಯ, ಒಂದು ಸೆಂಟಿಮೀಟರ್‌ವರೆಗಿನ ಚುರುಕು ಹುಳು, ಎಲೆಗೆ ಅಂಟಿದ ಬಲೆಗೂಡು: ಲೀಕ್ ಪತಂಗ.
* ಎಲೆಯಿಡೀ ಬೆಳ್ಳಿ ಪುಡಿ ಎರಚಿದ ಹೊಳಪು: ಥ್ರಿಪ್ಸ್ ಎಂಬ ಪುಟ್ಟ ಕೀಟ.
* ಕಿತ್ತಳೆ ಬಣ್ಣದ ಉಬ್ಬು, ಬೆರಳಿಗೆ ಹತ್ತುವ ಪುಡಿ: ತುಕ್ಕು ರೋಗ.
* ತುದಿ ನೀರು ತುಂಬಿದಂತಾಗಿ ಆಮೇಲೆ ಕಾಗದದಂತೆ ಬೆಳ್ಳಗೆ ಒಣಗಿದ್ದು: ಬಿಳಿ ತುದಿ ರೋಗ.
* ಬುಡದಲ್ಲಿ ಹತ್ತಿಯಂಥ ಬೂಷ್ಟು, ಅದರಲ್ಲಿ ಗಸಗಸೆ ಗಾತ್ರದ ಕಪ್ಪು ಕಾಳು: ಬಿಳಿ ಕೊಳೆ ರೋಗ.
---

ಲೀಕ್ ಪತಂಗ 1993ರಲ್ಲಿ ಕೆನಡಾದ ಒಟ್ಟಾವಾ ಬಳಿ ಕಾಣಿಸಿಕೊಂಡಿತು. ಅಲ್ಲಿನ ವಿಜ್ಞಾನಿಗಳು ಹಿಡಿದ ದಾರಿ ಬೇರೆ. ಅದರ ತವರು ಯುರೋಪಿನಲ್ಲಿ ಪತಂಗದ ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದ ಮುಗಿಸುವ ಪುಟ್ಟ ಕಣಜವೊಂದಿದೆ. ಅದನ್ನು ತಂದು, ಪರೀಕ್ಷಿಸಿ, 2010ರಿಂದಾಚೆಗೆ ಹೊಲಗಳಿಗೆ ಬಿಟ್ಟರು.

ತುಕ್ಕಿಗೆ ಅಂಜಬೇಡಿ

ನೋಡಲು ಅತಿ ಭೀಕರ, ನಿಜದಲ್ಲಿ ಅತಿ ಸೌಮ್ಯ ಎಂದರೆ ತುಕ್ಕು ರೋಗ. ಬೇಸಿಗೆಯ ನಡುವಿನಿಂದ ಶುರುವಾಗಿ ಶರತ್ಕಾಲ ಮುಗಿಯುವವರೆಗೂ ಎಲೆಗಳ ಮೇಲೆ ಕಿತ್ತಳೆ ಪುಡಿ. ಮೊದಲ ಸಲ ಕಂಡವರು ಇಡೀ ಸಾಲನ್ನೇ ಕಿತ್ತೆಸೆಯಲು ಹೊರಡುತ್ತಾರೆ. ಆ ಅವಸರ ಬೇಡ. ಈ ಶಿಲೀಂಧ್ರ ಎಲೆಯ ಮೇಲಷ್ಟೇ ಬದುಕುತ್ತದೆ, ಬಿಳಿ ಕಾಂಡಕ್ಕೆ ಇಳಿಯುವುದು ಅಪರೂಪ. ತುಕ್ಕು ಹಿಡಿದ ಎಲೆ ತೆಗೆದು, ಹೊರ ಪದರ ಸುಲಿದರೆ ಒಳಗಿನದು ಧಾರಾಳವಾಗಿ ತಿನ್ನಬಹುದು. ಚಳಿ ಬಲಿತಂತೆ ಹೊಸದಾಗಿ ಬರುವ ಎಲೆಗಳು ಎಷ್ಟೋ ಸಲ ತಾವಾಗಿ ಶುಭ್ರವಾಗಿರುತ್ತವೆ.

ಮನೆ ತೋಟದವರು ಲೀಕ್ ತುಕ್ಕಿಗೆ ಹೊಡೆಯಬಹುದಾದ ಶಿಲೀಂಧ್ರನಾಶಕ ಬ್ರಿಟನ್ನಿನ ಅಂಗಡಿಯಲ್ಲಿ ಇಲ್ಲ. ಇದು ಒಳ್ಳೆಯದೇ ಆಯಿತೆಂದು ನನಗನ್ನಿಸುತ್ತದೆ. ಡಬ್ಬಿ ಸಿಕ್ಕಿದ್ದರೆ ಯಾರೂ ಕಾರಣ ಹುಡುಕುತ್ತಿರಲಿಲ್ಲ. ಕಾರಣ ಬಹುಪಾಲು ನಮ್ಮ ಕೈಯಲ್ಲೇ ಇರುತ್ತದೆ: ಸಾರಜನಕ ಅತಿಯಾಗಿ ಕೊಟ್ಟು ಎಲೆಯನ್ನು ಕೊಬ್ಬಿಸಿರುತ್ತೇವೆ, ಪೊಟ್ಯಾಷ್ ಕೊಡಲು ಮರೆತಿರುತ್ತೇವೆ, ಗಿಡಗಳನ್ನು ಒತ್ತೊತ್ತಾಗಿ ನೆಟ್ಟು ಗಾಳಿಯಾಡದಂತೆ ಮಾಡಿರುತ್ತೇವೆ, ಸಂಜೆ ಹೊತ್ತು ಪೈಪು ಹಿಡಿದು ಎಲೆಯ ಮೇಲೆ ನೀರು ಸುರಿದಿರುತ್ತೇವೆ. ರಾತ್ರಿಯೆಲ್ಲ ಒದ್ದೆಯಾಗಿ ನಿಂತ ಎಲೆಗಿಂತ ಒಳ್ಳೆಯ ಮನೆ ತುಕ್ಕಿಗೆ ಸಿಗದು.

ಉಪಾಯವೂ ಅಲ್ಲೇ ಇದೆ. ಸಾಲಿನಲ್ಲಿ ಒಂದು ಬಿಟ್ಟು ಒಂದನ್ನು ಕಿತ್ತು ತಿನ್ನಿ. ಉಳಿದವಕ್ಕೆ ಗಾಳಿ ಸಿಗುತ್ತದೆ. ನೀರನ್ನು ಬೆಳಿಗ್ಗೆ, ಬುಡಕ್ಕೆ ಕೊಡಿ. ಸೌದೆ ಒಲೆಯ ಬೂದಿ ಇದ್ದರೆ ತೆಳ್ಳಗೆ ಉದುರಿಸಿ, ಅದು ಪೊಟ್ಯಾಷ್. ಉದುರಿದ ಎಲೆಗಳನ್ನು ಪಾತಿಯಲ್ಲಿ ಬಿಡಬೇಡಿ.

ಬಿಳಿ ತುದಿ ರೋಗಕ್ಕೂ ಇದೇ ಮಾತು ಹೆಚ್ಚುಕಡಿಮೆ ಸಾಕು. ಮಳೆ ಹನಿ ಮಣ್ಣಿಗೆ ಬಡಿದು ಸಿಡಿದಾಗ ರೋಗಾಣು ಎಲೆಗೆ ಹತ್ತುತ್ತದೆ. ಸಾಲಿನ ನಡುವೆ ಹುಲ್ಲು ಹೊದಿಸಿದರೆ ಸಿಡಿತ ತಗ್ಗುತ್ತದೆ.

ಬುಡಕ್ಕೇ ಬಂದರೆ

ಇನ್ನು ಕೆಟ್ಟ ಸುದ್ದಿ. ಬಿಳಿ ಕೊಳೆ ರೋಗ ಎಲೆಯಿಂದ ಶುರುವಾಗುವುದಿಲ್ಲ; ಮಣ್ಣಿನಿಂದ, ಬೇರಿನಿಂದ ಬರುತ್ತದೆ. ನೇರವಾಗಿ ಬಿಲ್ಲೆಗೇ ಕೈ ಹಾಕುತ್ತದೆ. ಎಲೆ ಹಳದಿಯಾಗಿ ಜೋತುಬಿದ್ದದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕೆಳಗೆ ಕೆಲಸ ಮುಗಿದಿರುತ್ತದೆ. ಇಲ್ಲಿ ಚಾಕೂ ಇಲ್ಲ, ಮದ್ದೂ ಇಲ್ಲ. ಸುತ್ತಲಿನ ಮಣ್ಣಿನ ಸಮೇತ ಎತ್ತಿ ಹೊರಹಾಕಬೇಕು. ಗೊಬ್ಬರದ ಗುಂಡಿಗೆ ಮಾತ್ರ ಹಾಕಬಾರದು.

ಗಸಗಸೆಯಂಥ ಅದರ ಕಪ್ಪು ಕಾಳುಗಳು ಮಣ್ಣಿನಲ್ಲಿ ಹದಿನೈದು ವರ್ಷಕ್ಕೂ ಮೇಲೆ ಕಾದು ಕೂರಬಲ್ಲವು. ಬೂಟಿನ ಅಡಿಯ ಮಣ್ಣಿನಲ್ಲಿ, ಗುದ್ದಲಿಯ ಅಲಗಿನಲ್ಲಿ ಪಕ್ಕದ ಪಾತಿಗೂ ಪ್ರಯಾಣ ಮಾಡುತ್ತವೆ. ಈರುಳ್ಳಿ, ಬೆಳ್ಳುಳ್ಳಿಗೆ ಹೋಲಿಸಿದರೆ ಲೀಕ್ ಈ ರೋಗಕ್ಕೆ ಕಡಿಮೆ ಬಲಿಯಾಗುತ್ತದೆ ಎಂಬುದಷ್ಟೇ ಸಮಾಧಾನ.

ಈ ಶಿಲೀಂಧ್ರದ ಒಂದು ದೌರ್ಬಲ್ಯವನ್ನು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ, ಅದು ಮಜವಾಗಿದೆ. ಕಪ್ಪು ಕಾಳು ಸುಮ್ಮನೆ ಮೊಳೆಯುವುದಿಲ್ಲ. ಈರುಳ್ಳಿ ಜಾತಿಯ ಬೇರಿನಿಂದ ಹೊರಡುವ ಗಂಧಕದ ಘಾಟು ಮೂಗಿಗೆ ಬಡಿದರೆ ಮಾತ್ರ ‘ಊಟ ಬಂತು’ ಎಂದು ಏಳುತ್ತದೆ. ಹಾಗಾದರೆ ಊಟವಿಲ್ಲದೆ ವಾಸನೆ ಮಾತ್ರ ತೋರಿಸಿದರೆ? ಪಾತಿ ಖಾಲಿ ಇರುವಾಗ ಬೆಳ್ಳುಳ್ಳಿ ರಸವನ್ನೋ ಬೆಳ್ಳುಳ್ಳಿ ಎಣ್ಣೆಯಲ್ಲಿರುವ ಡೈಅಲೈಲ್ ಡೈಸಲ್ಫೈಡ್ ಎಂಬ ರಾಸಾಯನಿಕವನ್ನೋ ಮಣ್ಣಿಗೆ ಸೇರಿಸುತ್ತಾರೆ. ಕಾಳುಗಳು ಮೋಸಹೋಗಿ ಮೊಳೆಯುತ್ತವೆ, ಆಹಾರವಿಲ್ಲದೆ ಸಾಯುತ್ತವೆ. ಸಂಖ್ಯೆ ಬಹಳಷ್ಟು ತಗ್ಗುತ್ತದೆ, ಪೂರ್ತಿ ನಿರ್ನಾಮವಾಗುವುದಿಲ್ಲ. ಮಣ್ಣು ತೇವವಾಗಿ ತಂಪಾಗಿರುವಾಗ ಮಾಡಿದರಷ್ಟೇ ಫಲ.

ಬೆಳ್ಳುಳ್ಳಿಯ ಶತ್ರುವನ್ನು ಬೆಳ್ಳುಳ್ಳಿಯ ವಾಸನೆ ತೋರಿಸಿಯೇ ಕೊಲ್ಲುವ ಈ ತಂತ್ರಕ್ಕೆ ನಮ್ಮ ಪಂಚತಂತ್ರದಲ್ಲಿ ಜಾಗ ಸಿಗಬಹುದಿತ್ತು.

---
ಲೀಕ್‌ಗೆ ರಾಜಮರ್ಯಾದೆ

ರೋಮ್‌ನ ಚಕ್ರವರ್ತಿ ನೀರೋ ದನಿ ಚೆನ್ನಾಗಿರಲೆಂದು ತಿಂಗಳ ಕೆಲವು ನಿಗದಿತ ದಿನ ಎಣ್ಣೆಯೊಡನೆ ಲೀಕ್ ಬಿಟ್ಟರೆ ಬೇರೇನೂ ತಿನ್ನುತ್ತಿರಲಿಲ್ಲ, ಬ್ರೆಡ್ ಕೂಡ ಮುಟ್ಟುತ್ತಿರಲಿಲ್ಲ ಎಂದು ಪ್ಲಿನಿ ದಾಖಲಿಸಿದ್ದಾನೆ.

ವೇಲ್ಸ್‌ಗೆ ಲೀಕ್ ರಾಷ್ಟ್ರ ಲಾಂಛನ. ಮಾರ್ಚ್ 1, ಸಂತ ಡೇವಿಡ್‌ನ ದಿನ, ಅಂಗಿಗೆ ಲೀಕ್ ಸಿಕ್ಕಿಸಿಕೊಳ್ಳುವವರಿದ್ದಾರೆ. ವೆಲ್ಷ್ ಗಾರ್ಡ್ಸ್ ಪಡೆಯ ಟೋಪಿಯ ಬಿಲ್ಲೆಯಲ್ಲೂ ಅದೇ.

1985 ಮತ್ತು 1990ರಲ್ಲಿ ಬಂದ ಒಂದು ಪೌಂಡ್ ನಾಣ್ಯದ ಮೇಲೆ ಕಿರೀಟ ತೊಟ್ಟ ಲೀಕ್ ಇತ್ತು.

ಷೇಕ್ಸ್‌ಪಿಯರ್‌ನ ‘ಐದನೆಯ ಹೆನ್ರಿ’ ನಾಟಕದಲ್ಲಿ ಲೀಕನ್ನು ಗೇಲಿ ಮಾಡಿದ ಪಿಸ್ಟಲ್‌ಗೆ ವೇಲ್ಸ್‌ನ ಕ್ಯಾಪ್ಟನ್ ಫ್ಲುಯೆಲೆನ್ ದೊಣ್ಣೆಪೆಟ್ಟು ಕೊಟ್ಟು ಹಸಿ ಲೀಕ್ ತಿನ್ನಿಸುತ್ತಾನೆ.
---

ಸಣಕಲಿಗೆ ಕಾರಣ ಬೇರೆ

ಹುಳವಿಲ್ಲ, ತುಕ್ಕಿಲ್ಲ, ಬೇರು ಚೆನ್ನಾಗಿದೆ. ಆದರೂ ಲೀಕ್ ಪೆನ್ಸಿಲ್ ದಪ್ಪಕ್ಕೇ ನಿಂತುಬಿಟ್ಟಿದೆ. ಕೈತೋಟಗಳಲ್ಲಿ ಕೇಳಿಬರುವ ದೂರುಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡಬೇಕು. ಹೆಚ್ಚಿನ ಸಲ ಅದು ನಾಟಿಯ ದಿನವೇ ಬರೆದ ಹಣೆಬರಹ.

ಲೀಕ್ ನೆಡುವ ಸಾಂಪ್ರದಾಯಿಕ ಕ್ರಮ ನೋಡಲು ವಿಚಿತ್ರ. ಪೆನ್ಸಿಲ್ ದಪ್ಪದ ಸಸಿಯನ್ನು ಸಸಿಮಡಿಯಿಂದ ಕಿತ್ತು ತರುತ್ತಾರೆ. ಗೂಟದಿಂದ ಆರು ಇಂಚು ಆಳದ ತೂತು ಮಾಡಿ ಸಸಿಯನ್ನು ಒಳಗೆ ಇಳಿಬಿಡುತ್ತಾರೆ. ತೂತಿಗೆ ಮಣ್ಣು ತುಂಬುವುದಿಲ್ಲ! ನೀರು ಹೊಯ್ಯುತ್ತಾರೆ, ಅಷ್ಟೆ. ನೀರಿನೊಡನೆ ಇಳಿದ ಒಂದಿಷ್ಟು ಕೆಸರು ಬೇರನ್ನು ಹಿಡಿದುಕೊಳ್ಳುತ್ತದೆ. ಉಳಿದ ಖಾಲಿ ಜಾಗ ಕಾಂಡ ದಪ್ಪವಾಗಲು. ಮುಂದೆ ಮಳೆಗೆ, ಕಳೆ ತೆಗೆಯುವಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಿಸಿಲು ತಾಗದ ಭಾಗವೇ ಬಿಳಿ ಕಾಂಡ. ಮಣ್ಣನ್ನು ಸುತ್ತ ಒತ್ತಿ ಬಿಗಿದರೆ ಸಸಿ ಅಲ್ಲೇ ಉಸಿರುಗಟ್ಟುತ್ತದೆ.

ಸಣಕಲಾಗಿ ನಿಂತ ಸಾಲಿಗೆ ಬೇಕಾದದ್ದು ಜಾಗ, ನೀರು, ಕಾಲ. ಗಿಡದಿಂದ ಗಿಡಕ್ಕೆ ಆರು ಇಂಚು, ಸಾಲಿನಿಂದ ಸಾಲಿಗೆ ಒಂದಡಿ ಇರುವಂತೆ ತೆರವು ಮಾಡಿ. ಲೀಕ್ ಬೇರು ಆಳಕ್ಕೆ ಹೋಗುವುದಿಲ್ಲ, ಆದ್ದರಿಂದ ಒಣಹವೆಯಲ್ಲಿ ವಾರಕ್ಕೊಮ್ಮೆ ನೆಲ ನೆನೆಯುವಂತೆ ನೀರು ಕೊಡಿ. ಬ್ರಿಟನ್ನಿನಲ್ಲಿ ಸಾರಜನಕದ ಗೊಬ್ಬರವನ್ನು ಆಗಸ್ಟ್‌ ಹೊತ್ತಿಗೆ ನಿಲ್ಲಿಸುತ್ತಾರೆ. ತಡವಾಗಿ ಕೊಟ್ಟರೆ ಮೆದುವಾದ ಎಲೆ ಹಿಮಕ್ಕೂ ತುಕ್ಕಿಗೂ ಸುಲಭದ ತುತ್ತು.

ನಡುವಿನಿಂದ ಗಟ್ಟಿ ಹೂದಂಟು ಎದ್ದರೆ ಅದು ರೋಗವಲ್ಲ, ಎರಡು ವರ್ಷದ ಬಾಳಿನ ಕೊನೆಯ ಅಂಕ. ದಂಟು ಮುರಿದು ಕೂಡಲೇ ಕಿತ್ತು ತಿನ್ನಬೇಕು. ತಡಮಾಡಿದರೆ ನಡುವೆ ಕಟ್ಟಿಗೆ. ಸ್ಪರ್ಧೆಯವರು ಮಾತ್ರ ಒಂದೆರಡನ್ನು ಬೇಕೆಂದೇ ಹೂವಿಗೆ ಬಿಡುತ್ತಾರೆ. ಹೂಗೊಂಚಲನ್ನು ಬೋಳಿಸಿದರೆ ಅಲ್ಲಿ ಹುಲ್ಲಿನಂಥ ಪುಟ್ಟ ಮರಿಸಸಿಗಳು ಹುಟ್ಟುತ್ತವೆ. ಬೀಜದಿಂದ ಬಂದ ಗಿಡದಂತೆ ಬೆರಕೆಯಾಗದೆ ತಾಯಿಯ ತದ್ರೂಪವಾಗಿರುವುದರಿಂದ ಗೆದ್ದ ತಳಿಯನ್ನು ಹಾಗೆ ಉಳಿಸಿಕೊಳ್ಳುತ್ತಾರೆ.

ನೀಲಗಿರಿಯಿಂದ ತಾರಸಿಗೆ

1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲ್ಲಿವನ್ ಊಟಿಯಲ್ಲಿ ಯುರೋಪಿನ ತರಕಾರಿಗಳನ್ನು ಬೆಳೆಸತೊಡಗಿದ. ಕನ್ನಡಕ್ಕೆ ತೀರಾ ಹತ್ತಿರದ ನುಡಿಯಾಡುವ ಬಡಗರ ಹೊಲಗಳಲ್ಲಿ ಇಂದು ಕ್ಯಾರೆಟ್, ಕೋಸು, ಬೀಟ್‌ರೂಟ್‌ಗಳ ನಡುವೆ ಲೀಕ್ ಕೂಡ ಉಂಟು. ಬೆಂಗಳೂರಿನ ತಾರಸಿಯಲ್ಲೂ ಬೆಳೆಯಬಹುದು, ಮಳೆಗಾಲ ಮುಗಿಯುವ ಹೊತ್ತಿಗೆ ಸಸಿ ತಯಾರಿದ್ದರೆ.

ಇಲ್ಲಿ ಕಾಡುವವರು ಈರುಳ್ಳಿಯ ಹಳೆಯ ಶತ್ರುಗಳು: ಥ್ರಿಪ್ಸ್ ಮತ್ತು ನೇರಳೆ ಮಚ್ಚೆ ರೋಗ. ಥ್ರಿಪ್ಸ್ ಎಲೆಸಂದಿಯಲ್ಲಿ ಅಡಗುತ್ತದೆ, ಒಣಹವೆ ಅದಕ್ಕೆ ಹಬ್ಬ. ಬೆಳಿಗ್ಗೆ ಸಂದಿಗೆ ತಾಗುವಂತೆ ನೀರು ಚಿಮುಕಿಸಿದರೆ ಅರ್ಧ ಕೊಚ್ಚಿಹೋಗುತ್ತದೆ, ಬೇವಿನೆಣ್ಣೆ ಉಳಿದ ಕೆಲಸ ಮಾಡುತ್ತದೆ. ನೇರಳೆ ಮಚ್ಚೆ ಬಿದ್ದ ಎಲೆಯನ್ನು ಮಚ್ಚೆಯ ಕೆಳಗೆ ಕತ್ತರಿಸಿ ತೆಗೆಯಿರಿ. ಈರುಳ್ಳಿ ಬೆಳೆಯುವವರಿಗಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಕಲ್ಯಾಣ್’ ಇದೆ, ಆ ರೋಗವನ್ನು ಒಂದು ಮಟ್ಟಿಗೆ ತಡೆದುಕೊಳ್ಳುವ ತಳಿ.

ಸುಳಿಯ ಲೆಕ್ಕ ಚಿತ್ರದುರ್ಗದ ಈರುಳ್ಳಿ ಹೊಲಕ್ಕೂ ಅನ್ವಯ. ಮಳೆ ಹಿಡಿದ ವರ್ಷ ಚಳ್ಳಕೆರೆ, ಹಿರಿಯೂರು ಕಡೆ ಬರುವ ಹಾವುಸುಳಿ ರೋಗದಲ್ಲಿ ಕತ್ತು ಉದ್ದವಾಗಿ ಎಲೆ ಹಾವಿನಂತೆ ತಿರುಚಿಕೊಳ್ಳುತ್ತದೆ, ಗೆಡ್ಡೆ ಕಟ್ಟುವುದೇ ಇಲ್ಲ. ಪೀಡೆ ಕತ್ತಿಗೆ ಇಳಿದ ಮೇಲೆ ಎಲೆಗೆ ಹೊಡೆದ ಔಷಧಿ ಹೆಚ್ಚೇನೂ ಮಾಡದು. ಏರುಮಡಿ, ನೀರು ನಿಲ್ಲದ ನೆಲ, ಒಂದೇ ಹೊಲದಲ್ಲಿ ವರ್ಷವರ್ಷ ಈರುಳ್ಳಿ ಬಿತ್ತದಿರುವುದು, ಇವೆಲ್ಲ ಬಿತ್ತನೆಗೆ ಮೊದಲೇ ಯೋಚಿಸಬೇಕಾದವು.

ತಾರಸಿಯಲ್ಲಿ ಪ್ರಯತ್ನಿಸುವವರು ಕನಿಷ್ಠ ಒಂದಡಿ ಆಳದ ಗ್ರೋ ಬ್ಯಾಗ್ ತೆಗೆದುಕೊಳ್ಳಲಿ. ಆಗಸ್ಟ್‌ನಲ್ಲಿ ಟ್ರೇಯಲ್ಲಿ ಬಿತ್ತಿ, ಅಕ್ಟೋಬರ್‌ನಲ್ಲಿ ತೂತು ಮಾಡಿ ಇಳಿಬಿಟ್ಟರೆ ಬೇಸಿಗೆ ಕಾಲಿಡುವ ಮುನ್ನ ಕೊಯ್ಲು. ಕೊಯ್ಯುವಾಗ ಎಲ್ಲವನ್ನೂ ಬೇರು ಸಮೇತ ಕೀಳಬೇಕಿಲ್ಲ, ಒಂದೆರಡನ್ನು ಮೇಲಿಂದ ಕತ್ತರಿಸಿ ಬಿಡಿ. ಅಡುಗೆಗೆ ಹಾಕುವ ಮೊದಲು ಉದ್ದಕ್ಕೆ ಸೀಳಿ ಪದರ ಬಿಡಿಸಿ ತೊಳೆಯುವುದು ಅಗತ್ಯ, ಏಕೆಂದರೆ ಮಣ್ಣು ಒಳಗಿನ ಪದರದವರೆಗೂ ನುಗ್ಗಿರುತ್ತದೆ. ಬೀಜ ಕೊಳ್ಳುವಾಗ ಪೊಟ್ಟಣದ ಮೇಲಿನ ದಿನಾಂಕ ನೋಡಿ. ಈರುಳ್ಳಿ ಕುಲದ ಬೀಜಗಳ ಆಯುಸ್ಸು ಕಡಿಮೆ, ಎರಡು ವರ್ಷ ದಾಟಿದ ಪೊಟ್ಟಣ ಅರ್ಧ ಬೆಲೆಗೆ ಸಿಕ್ಕರೂ ದುಬಾರಿಯೇ.